ಮುಟ್ಟೋಕೆ ಮುಂಚೆ ನೋಡಿ: ಮಕ್ಕಳ ಓಪಿಡಿಗೆ ಹೊಸದಾಗಿ ಬಂದೋರಿಗೆ

ಮಕ್ಕಳ ಓಪಿಡಿಲಿ ಮೊದಲ ವಾರ ಕೂತ ಡಾಕ್ಟರು, ನರ್ಸು ಎಲ್ಲರೂ ಮಾಡೋದು ಒಂದೇ ತಪ್ಪು, ಮಗು ಒಳಗೆ ಬಂದ ತಕ್ಷಣ ಸ್ಟೆತಸ್ಕೋಪ್ ತಗೊಂಡು ಎದೆ ಮೇಲೆ ಇಟ್ಬಿಡೋದು. ಮಗು ಚೀರುತ್ತೆ, ಆಮೇಲೆ ಉಸಿರು ಎಣಿಸೋಕಾಗಲ್ಲ, ಎದೆ ಶಬ್ದ ಕೇಳ್ಸಲ್ಲ, ಹೊಟ್ಟೆ ಮುಟ್ಟಿದ್ರೆ ಕಲ್ಲು. ನಾನೂ ಮಾಡಿದ್ದೀನಿ. ಮಗು ಅಮ್ಮನ ತೊಡೆ ಮೇಲೆ ಸುಮ್ನೆ ಕೂತಿರೋ ಮೊದಲ ಎರಡು ನಿಮಿಷ ಇದ್ಯಲ್ಲ, ಅರ್ಧ ಡಯಾಗ್ನೋಸಿಸ್ ಅಲ್ಲೇ ಇರುತ್ತೆ, ಕೈ ಕಟ್ಕೊಂಡು ನೋಡಿ.

ಅದಕ್ಕೂ ಮುಂಚೆ ಕ್ಯೂ. ಹೊರಗೆ ಬೆಂಚಲ್ಲಿ ಕೂತಿರೋ ಮಕ್ಕಳನ್ನ ಯಾರಾದ್ರೂ ಒಬ್ಬರು ಹೋಗಿ ಒಂದು ಸುತ್ತು ನೋಡ್ಕೊಂಡು ಬರಲೇಬೇಕು. ಜೋರಾಗಿ ಅಳ್ತಿರೋ ಮಗುಗೆ ಕಾಯೋಕೆ ಶಕ್ತಿ ಇದೆ, ಮೂಲೆಲಿ ಹೆಗಲ ಮೇಲೆ ಸುಮ್ನೆ ಮಲಗಿರೋ ಕೂಸೇ ಮೊದಲು ಒಳಗೆ ಬರ್ಬೇಕಾದ್ದು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಮಾಡಿದ ಐಎಂಸಿಐ (ಮಕ್ಕಳ ಕಾಯಿಲೆಗಳನ್ನ ಒಟ್ಟಾಗಿ ನೋಡಿ ಚಿಕಿತ್ಸೆ ಕೊಡೋ ಕ್ರಮ) ಪದ್ಧತಿಲಿ 2 ತಿಂಗಳಿಂದ 5 ವರ್ಷದ ಒಳಗಿನ ಮಕ್ಕಳಿಗೆ ನಾಲ್ಕು ಅಪಾಯದ ಲಕ್ಷಣ ಹೇಳ್ತಾರೆ: ಕುಡಿಯೋಕೆ ಅಥವಾ ಹಾಲು ಚೀಪೋಕೆ ಆಗ್ತಿಲ್ಲ, ತಿಂದಿದ್ದು ಕುಡ್ದಿದ್ದೆಲ್ಲ ವಾಂತಿ, ಈ ಕಾಯಿಲೆಲಿ ಫಿಟ್ಸ್ ಬಂದಿದೆ, ಮಂಕಾಗಿದೆ ಅಥವಾ ಪ್ರಜ್ಞೆ ಇಲ್ಲ. ಒಂದಿದ್ರೂ ಸಾಕು, ಅಡ್ಮಿಟ್ ಮಾಡಿ ಇಲ್ಲ ರೆಫರ್ ಮಾಡಿ. ಆದ್ರೆ ಕುಡೀತಿಲ್ಲ ಅಂತ ಅಮ್ಮ ಹೇಳಿದ್ನ ಹಾಗೇ ಬರ್ಕೋಬೇಡಿ, ಅಲ್ಲೇ ಕುಡಿಸಿ ನೋಡಿ. ಮೂಗು ಕಟ್ಟಿದ ಕೂಸು ಹಾಲು ಬಿಟ್ಬಿಟ್ಟಿರುತ್ತೆ, ಮೂಗು ಕ್ಲೀನ್ ಮಾಡಿದ್ರೆ ಗಟಗಟ ಕುಡಿಯುತ್ತೆ.

ಈಗ ಕೆಮ್ಮು, ಉಸಿರು. ಇಲ್ಲಿ ವಾಚು ಸ್ಟೆತಸ್ಕೋಪ್‌ಗಿಂತ ದೊಡ್ಡದು. ಮಗುನ ಅಂಗಿ ಮೇಲೆತ್ತಿ ಹೊಟ್ಟೆ ಅಥವಾ ಎದೆ ನೋಡ್ತಾ ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸೋ ಆಟ ಬೇಡ, ಸಣ್ಣ ಮಕ್ಕಳ ಉಸಿರು ಒಂದೇ ಸಮ ಇರಲ್ಲ, ಸ್ವಲ್ಪ ಹೊತ್ತು ಬೇಗ ಬೇಗ, ಆಮೇಲೆ ನಿಧಾನ, ಮಧ್ಯ ಎರಡು ಮೂರು ಸೆಕೆಂಡು ನಿಂತ ಹಾಗೂ ಆಗುತ್ತೆ. 2 ತಿಂಗಳ ಒಳಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು ಬಂದ್ರೆ ಜೋರು ಉಸಿರು ಅಂತ ಲೆಕ್ಕ. ಎಳೆ ಕೂಸಲ್ಲಿ 60 ಬಂದ್ರೆ ಇನ್ನೊಂದ್ಸಲ ಎಣಿಸಿ, ಆಗ್ಲೂ ಅಷ್ಟೇ ಬಂದ್ರೆ ನಂಬಿ. ಜೊತೆಗೆ ಎದೆಯ ಕೆಳಭಾಗ ನೋಡಿ, ಮಗು ಉಸಿರು ಎಳ್ಕೊಂಡಾಗ ಪಕ್ಕೆಲುಬಿನ ಕೆಳಗೆ ಒಳಗೆ ಎಳ್ಕೊಳ್ತಿದ್ರೆ ನ್ಯುಮೋನಿಯಾ ಅನುಮಾನ ಇನ್ನೂ ಗಟ್ಟಿ. ಇದೆಲ್ಲ ಮಗು ಸಮಾಧಾನವಾಗಿ ಇರೋವಾಗ ಮಾತ್ರ ಲೆಕ್ಕಕ್ಕೆ, ಹಾಲು ಕುಡೀತಿದ್ರೆ ಅಳ್ತಿದ್ರೆ ಸುಳ್ಳು ನಂಬರ್ ಬರುತ್ತೆ. ಪಲ್ಸ್ ಆಕ್ಸಿಮೀಟರ್ (ರಕ್ತದ ಆಕ್ಸಿಜನ್ ಅಳೆಯೋ ಮೆಷಿನ್) ಇದ್ರೆ ಹಾಕಿ, ಶೇಕಡ 90ಕ್ಕಿಂತ ಕಮ್ಮಿ ಇದ್ರೆ ಆಕ್ಸಿಜನ್ ಮೊದಲು, ಹಿಸ್ಟರಿ ಆಮೇಲೆ. ಕಾಲು ತಣ್ಣಗಿದ್ರೆ, ಮಗು ಒದ್ದಾಡ್ತಿದ್ರೆ ಮೆಷಿನ್ ಏನೇನೋ ತೋರ್ಸುತ್ತೆ, ಪರದೆ ಮೇಲೆ ನಾಡಿಯ ಅಲೆ ಸರಿಯಾಗಿ ಬರೋ ತನಕ ಆ ನಂಬರ್ ಬರೀಬೇಡಿ.

ಇಲ್ಲೊಂದು ವಿಷಯ ಬಹಳ ಜನ ಬಿಟ್ಬಿಡ್ತಾರೆ. ಉಸಿರು ಬಿಡೋವಾಗ ಸುಂಯ್ ಅನ್ನೋ ವೀಜ್ ಇದ್ರೆ ಆಂಟಿಬಯೋಟಿಕ್ ಬರೆಯೋಕೆ ಮುಂಚೆ ಸ್ಪೇಸರ್ (ಇನ್ಹೇಲರ್‌ಗೆ ಸೇರಿಸೋ ಕೊಳವೆ) ಹಾಕಿ ಸಾಲ್ಬುಟಮಾಲ್ (ಉಸಿರ್ನಾಳ ಸಡಿಲ ಮಾಡೋ ಔಷಧಿ) ಕೊಟ್ಟು 15-20 ನಿಮಿಷ ಬಿಟ್ಟು ಮತ್ತೆ ಎಣಿಸಿ, ಬೇಕಾದ್ರೆ ಮೂರು ಸಲದ ತನಕ ರಿಪೀಟ್ ಮಾಡಿ. ಎಷ್ಟೋ ಮಕ್ಕಳಲ್ಲಿ ಉಸಿರು ಅಷ್ಟಕ್ಕೇ ಇಳಿದುಬಿಡುತ್ತೆ, ಅವರಿಗೆ ಆಂಟಿಬಯೋಟಿಕ್ ಬೇಡ. ನಿಜವಾಗ್ಲೂ ನ್ಯುಮೋನಿಯಾ ಆಗಿದ್ದು ಅಪಾಯದ ಲಕ್ಷಣ ಇಲ್ಲದ, 2 ತಿಂಗಳು ದಾಟಿದ ಮಗುಗೆ ಬಾಯಿಂದ ಕೊಡೋ ಅಮಾಕ್ಸಿಸಿಲಿನ್ ಸಾಕು, ಇಂಜೆಕ್ಷನ್ನೇ ಆಗ್ಬೇಕು ಅಂತೇನಿಲ್ಲ. ಬರೀ ನೆಗಡಿ ಕೆಮ್ಮಿಗೆ ಮೂಗಿಗೆ ಸಲೈನ್ ಹನಿ, ಅಷ್ಟೇ. ಕೆಮ್ಮಿನ ಸಿರಪ್ ಸಣ್ಣ ಮಕ್ಕಳಿಗೆ ಬೇಡ, ಉಪಯೋಗ ಇಲ್ಲ, ಅಪಾಯ ಮಾತ್ರ ಇದೆ.

ಭೇದಿ ಅಂದ್ರೆ ನೋಡ್ಬೇಕಾದ್ದು ನೀರಿನ ಲೆಕ್ಕ. ಎಷ್ಟು ಸಲ ಹೋಯ್ತು ಅನ್ನೋದಕ್ಕಿಂತ ಮಗು ಈಗ ಹೇಗಿದೆ ಅನ್ನೋದು ಮುಖ್ಯ. ಕಿರಿಕಿರಿ ಮಾಡ್ತಿದ್ಯಾ ಮಂಕಾಗಿದ್ಯಾ, ಕಣ್ಣು ಗುಳಿ ಬಿದ್ದಿದ್ಯಾ (ಅಮ್ಮನ್ನ ಕೇಳಿ, ಯಾವಾಗ್ಲೂ ಹೀಗೇನಾ ಅಂತ), ನೀರು ಕೊಟ್ರೆ ಕಿತ್ಕೊಂಡು ಕುಡಿಯುತ್ತಾ ಇಲ್ಲ ಕುಡಿಯೋಕೇ ಆಗ್ತಿಲ್ವಾ, ಕೊನೆಗೆ ಚರ್ಮ. ಹೊಕ್ಕಳು ಮತ್ತು ಪಕ್ಕೆ ನಡುವೆ ಚರ್ಮನ ಉದ್ದುದ್ದಕ್ಕೆ ಎತ್ತಿ ಬಿಡಿ, ಮಡಿಕೆ 2 ಸೆಕೆಂಡಿಗಿಂತ ಜಾಸ್ತಿ ನಿಂತ್ರೆ ಗಂಭೀರ. ಬಹಳ ಸೊರಗಿದ ಮಗುಲಿ ನೀರು ಸರಿಯಾಗೇ ಇದ್ರೂ ಮಡಿಕೆ ನಿಲ್ಲುತ್ತೆ, ದಪ್ಪ ಮಗುಲಿ ನೀರಿಲ್ದಿದ್ರೂ ತಟ್ಟನೆ ಹೋಗುತ್ತೆ, ಅದಕ್ಕೇ ಒಂದೇ ಲಕ್ಷಣ ಹಿಡ್ಕೊಂಡು ತೀರ್ಮಾನ ಮಾಡಲ್ಲ, ಎರಡಾದ್ರೂ ಬೇಕು. ನೀರಿನ ಕೊರತೆ ಮಧ್ಯಮ ಇದ್ರೆ ಓಆರ್‌ಎಸ್ ಕೇಜಿಗೆ 75 ಎಂಎಲ್, 4 ಗಂಟೆಲಿ, ಅಂದ್ರೆ 10 ಕೇಜಿ ಮಗುಗೆ 750 ಎಂಎಲ್, ನಿಮ್ಮ ಕಣ್ಮುಂದೆನೇ. ವಾಂತಿ ಆದ್ರೆ 10 ನಿಮಿಷ ಬಿಟ್ಟು ಚಮಚದಲ್ಲಿ ಇನ್ನೂ ನಿಧಾನ. ಗಂಭೀರ ಇದ್ರೆ ಡ್ರಿಪ್, ರಿಂಗರ್ ಲ್ಯಾಕ್ಟೇಟ್ (ಉಪ್ಪಿನಂಶದ ಡ್ರಿಪ್ ದ್ರಾವಣ) ಕೇಜಿಗೆ 100 ಎಂಎಲ್. 1 ವರ್ಷದ ಒಳಗಿನವರಿಗೆ ಮೊದಲ 30 ಒಂದು ಗಂಟೆಲಿ ಉಳಿದ 70 ಐದು ಗಂಟೆಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 30 ಅರ್ಧ ಗಂಟೆಲಿ 70 ಎರಡೂವರೆ ಗಂಟೆಲಿ. ಜೊತೆಗೆ ಜಿಂಕ್, 6 ತಿಂಗಳ ಒಳಗೆ ದಿನಕ್ಕೆ 10 ಎಂಜಿ, ಆಮೇಲೆ 20 ಎಂಜಿ, 10ರಿಂದ 14 ದಿನ. ಭೇದಿ ನಿಲ್ಸೋ ಮಾತ್ರೆ ಮಕ್ಕಳಿಗೆ ಕೊಡಲೇಬೇಡಿ. ಎದೆಹಾಲು ಯಾವ ಹಂತದಲ್ಲೂ ನಿಲ್ಸೋದು ಬೇಡ.

ಆ ಡ್ರಿಪ್ ಲೆಕ್ಕ ಭೇದಿಗೆ ಮಾತ್ರ. ಜ್ವರ ಬಂದು ಶಾಕ್‌ಗೆ (ರಕ್ತ ಸಂಚಾರ ಕುಸಿಯೋದು) ಹೋದ ಮಗುಗೂ ಹಾಗೇ ಸುರಿಯೋದು ಒಳ್ಳೇದು ಅಂತ ಎಲ್ಲರೂ ಅಂದ್ಕೊಂಡಿದ್ರು, 2011ರಲ್ಲಿ ಉಗಾಂಡ, ಕೀನ್ಯಾ, ತಾಂಜಾನಿಯಾದ 3,000ಕ್ಕೂ ಹೆಚ್ಚು ಮಕ್ಕಳ ಫೀಸ್ಟ್ ಟ್ರಯಲ್ ರಿಸಲ್ಟ್ ಬಂದಾಗ ಗೊತ್ತಾಯ್ತು, ಬೇಗ ಬೇಗ ಬೋಲಸ್ (ಒಮ್ಮೆಲೇ ಸುರಿಯೋ ಡ್ರಿಪ್) ಕೊಟ್ಟ ಗುಂಪಲ್ಲೇ ಸಾವು ಜಾಸ್ತಿ ಅಂತ. ತೀರಾ ಸೊರಗಿದ ಮಕ್ಕಳಲ್ಲೂ ಅಷ್ಟೇ ಎಚ್ಚರ, ತೋಳಿನ ಸುತ್ತಳತೆ ಟೇಪಲ್ಲಿ 6 ತಿಂಗಳಿಂದ 5 ವರ್ಷದ ಮಗುಗೆ 11.5 ಸೆಂ.ಮೀ.ಗಿಂತ ಕಮ್ಮಿ ಬಂದ್ರೆ ಡ್ರಿಪ್ ಕಡೆ ಕೈ ಹಾಕೋಕೆ ಮುಂಚೆ ಸೀನಿಯರ್‌ಗೆ ಫೋನ್ ಮಾಡಿ.

ಜ್ವರಕ್ಕೆ ಮೊದಲ ಪ್ರಶ್ನೆ ವಯಸ್ಸು. 3 ತಿಂಗಳ ಒಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿದ್ರೆ ನಗ್ತಾ ಇದ್ರೂ ಮನೆಗೆ ಕಳ್ಸೋದಲ್ಲ, ಆಸ್ಪತ್ರೆಲೇ ಇಟ್ಟು ರಕ್ತ, ಯೂರಿನ್ ನೋಡ್ಬೇಕು. ಎಳೆ ಕೂಸು ತಣ್ಣಗಾಗೋದೂ ಸೋಂಕಿನ ಲಕ್ಷಣ, ಕಂಕುಳಲ್ಲಿ 35.5ಕ್ಕಿಂತ ಕಮ್ಮಿ ಇದ್ರೆ ಜ್ವರದಷ್ಟೇ ಗಂಭೀರವಾಗಿ ತಗೊಳ್ಳಿ. ದೊಡ್ಡ ಮಕ್ಕಳಲ್ಲಿ ಕತ್ತು ಬಿಗಿಯಾಗಿದ್ಯಾ, ಕೂಸಾದ್ರೆ ನೆತ್ತಿ ಉಬ್ಬಿದ್ಯಾ, ಮೈಮೇಲೆ ಕೆಂಪು ಚುಕ್ಕೆ ಇದ್ರೆ ಗಾಜಿನ ಲೋಟ ಒತ್ತಿ ನೋಡಿ, ಮಾಯ ಆಗ್ದಿದ್ರೆ ಅದು ತುರ್ತು, ಓಡಿ. ಫಿಟ್ಸ್ ಬರ್ತಾ ಇದ್ರೆ ಪಕ್ಕಕ್ಕೆ ಮಲಗ್ಸಿ, ಬಾಯಿಗೆ ಏನೂ ತುರುಕಬೇಡಿ, ಶುಗರ್ ನೋಡಿ, 5 ನಿಮಿಷ ದಾಟಿದ್ರೆ ಫಿಟ್ಸ್ ನಿಲ್ಸೋ ಔಷಧಿ. ಶುಗರ್ ಮರೆಯೋದು ಎಲ್ಲರ ರೋಗ.

ಕೊನೆಗೆ ತೂಕ. ವಯಸ್ಸು ನೋಡಿ ಡೋಸ್ ಹಾಕೋ ಅಭ್ಯಾಸ ಇವತ್ತೇ ಬಿಡಿ, ಪ್ರತಿ ಸಲ ತಕ್ಕಡಿಗೆ ಹಾಕಿ. ಪ್ಯಾರಸಿಟಮಾಲ್ ಕೇಜಿಗೆ 15 ಎಂಜಿ, ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಇಲ್ಲ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ, ತಪ್ಪಾಗೋದು ಬಾಟಲಿಲಿ. ಡ್ರಾಪ್ಸ್‌ಲಿ 1 ಎಂಎಲ್‌ಗೆ 100 ಎಂಜಿ ಇರ್ಬಹುದು, ಸಿರಪ್‌ಲಿ 5 ಎಂಎಲ್‌ಗೆ 120 ಅಥವಾ 250. ಒಂದ್ಸಲ 8 ಕೇಜಿ ಮಗುಗೆ ನಾನು ಬರೀ 5 ಎಂಎಲ್ ಅಂತ ಬರ್ದು ಕಳ್ಸಿದ್ದೆ, ಮನೇಲಿ ಮೊದಲೇ ಡ್ರಾಪ್ಸ್ ಬಾಟಲಿ ಇತ್ತು, ಅದರಿಂದ ತುಂಬ್ಸಿದ್ರು, 500 ಎಂಜಿ, ನಾಲ್ಕು ಪಟ್ಟು. ಒಂದೇ ಡೋಸ್‌ಗೆ ಗೊತ್ತಾಗಿದ್ದಕ್ಕೆ ಬಚಾವ್. ಆವತ್ತಿಂದ ಎಂಜಿ, ಎಂಎಲ್, ಬಾಟಲಿ ಸ್ಟ್ರೆಂತ್ ಮೂರೂ ಬರೀತೀನಿ.

ಮನೆಗೆ ಕಳ್ಸೋವಾಗ ಅರ್ಥ ಆಯ್ತಾಮ್ಮ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಅದರ ಬದಲು ಯಾವಾಗ ವಾಪಸ್ ಕರ್ಕೊಂಡು ಬರ್ತೀರಾ ಹೇಳಿ ಅಂತ ಕೇಳಿ. ಕುಡಿಯೋದು ಬಿಟ್ರೆ, ಉಸಿರು ಜೋರಾದ್ರೆ, ಮಲದಲ್ಲಿ ರಕ್ತ ಬಂದ್ರೆ, ಹೆಚ್ಚು ಮಂಕಾದ್ರೆ ಅಂತ ಅವರ ಬಾಯಿಂದ ಬರ್ಬೇಕು. ಆಮೇಲೆ ಸಿರಿಂಜ್‌ಗೆ ಪೆನ್ನಲ್ಲಿ ಗೆರೆ ಹಾಕಿ ಕೊಟ್ಟು, ಮೊದಲ ಡೋಸ್ ಅಲ್ಲೇ ಅವರ ಕೈಯಿಂದನೇ ಹಾಕ್ಸಿ.