ನೋಟನ್ನು ಹೊಸದಾಗಿ ಡಿಸೈನ್ ಮಾಡಬೇಕಾ? ಗಲ್ಲಾದಿಂದ ಶುರು ಮಾಡಿ

ನಮ್ಮ ನೋಟಿಗೆ ಹೊಸ ರೂಪ ಕೊಡಬೇಕು ಅಂತ ಹೊರಡುವವರು ಮೊದಲು ಲ್ಯಾಪ್‌ಟಾಪ್ ತೆರೆಯುತ್ತಾರೆ. ಅದನ್ನು ಸ್ವಲ್ಪ ದಿನ ಮುಚ್ಚಿಡಿ. ಮುಂಬೈಯಲ್ಲಿದ್ದರೆ ಮಾಟುಂಗಕ್ಕೆ ಹೋಗಿ. ಬೆಳಿಗ್ಗೆ ರಶ್ ಇರುವ ಹೊತ್ತಿನಲ್ಲಿ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಗಲ್ಲಾ ಕಾಣುವ ಹಾಗೆ ಕೂತು ಒಂದು ಕಾಫಿ ಹೇಳಿ. ಆಮೇಲೆ ಗಲ್ಲಾದಲ್ಲಿ ಕೂತವರ ಕೈಯನ್ನೇ ನೋಡ್ತಾ ಇರಿ.

ಅವರು ನೋಟನ್ನು ಪೂರ್ತಿ ನೋಡುವುದೇ ಇಲ್ಲ. ಗಿರಾಕಿ ಕೊಡುವುದು ನಾಲ್ಕಾಗಿ ಮಡಚಿದ್ದು, ಬೆವರಿಗೆ ಮೆತ್ತಗಾದದ್ದು. ಅದನ್ನು ಹೆಬ್ಬೆರಳಿನಲ್ಲಿ ಬಿಡಿಸಿ, ಬಣ್ಣದ ಮೇಲೆ ಅಂದಾಜು ಮಾಡಿ, ಮೂಲೆಯ ಅಂಕಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಡ್ರಾಯರಿಗೆ ಹಾಕಿ, ಅದೇ ಕೈಯಲ್ಲಿ ಚಿಲ್ಲರೆ ಎತ್ತಿ ಕೊಡುತ್ತಾರೆ. ಕಂತೆ ಎಣಿಸುವಾಗ ಕಾಣುವುದು ನೋಟಿನ ಅಂಚು ಮಾತ್ರ. ಒಂದು ಬೆರಳಿನಷ್ಟು ಅಗಲದ ಆ ಪಟ್ಟಿಯಲ್ಲಿ ಬೆಲೆ ಕಾಣಲಿಲ್ಲ ಅಂದ್ರೆ, ಉಳಿದ ಜಾಗದಲ್ಲಿ ನೀವು ಎಷ್ಟು ಚಂದದ ಚಿತ್ರ ಬರೆದರೂ ಅವರಿಗೆ ಉಪಯೋಗ ಇಲ್ಲ.

ಹಾಗಾಗಿ ಮೊದಲ ಕೆಲಸ ಅಂಕಿ ಮತ್ತು ಅಳತೆ. ಚಿತ್ರ ಆಮೇಲೆ.

ಈಗಿನ ನೋಟುಗಳ ಅಳತೆ ನೋಡಿ. 10 ರೂಪಾಯಿಯದು 123 ಮಿ.ಮೀ. ಉದ್ದ, 20ರದ್ದು 129, 50ರದ್ದು 135, 100ರದ್ದು 142, 200ರದ್ದು 146, 500ರದ್ದು 150. ಎತ್ತರ ಮೊದಲ ಎರಡಕ್ಕೆ 63, ಉಳಿದವಕ್ಕೆಲ್ಲ 66. ಅಂದರೆ ನೂರಕ್ಕೂ ಇನ್ನೂರಕ್ಕೂ ನಾಲ್ಕೇ ಮಿಲಿಮೀಟರ್ ವ್ಯತ್ಯಾಸ, ಇನ್ನೂರಕ್ಕೂ ಐನೂರಕ್ಕೂ ಅಷ್ಟೇ. ಬೆಲೆ ಏರಿದ ಹಾಗೆ ತಪ್ಪಿದರೆ ಆಗುವ ನಷ್ಟವೂ ಏರುತ್ತದೆ, ಆದರೆ ಅಳತೆಯ ಅಂತರ ಅಲ್ಲೇ ಕಡಿಮೆಯಾಗಿದೆ. ಇದು ನನಗೆ ಸರಿ ಕಾಣುವುದಿಲ್ಲ. ಕಣ್ಣು ಕಾಣದವರಿಗಂತೂ ಇದು ದಿನದಿನದ ಕಷ್ಟ. ನೋಟಿನ ಅಳತೆ, ಗುರುತುಗಳ ವಿಚಾರಕ್ಕೆ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಸಂಸ್ಥೆ ಬಾಂಬೆ ಹೈಕೋರ್ಟಿಗೆ ಹೋಗಿತ್ತು. ನೂರರ ಮೇಲೆ ತ್ರಿಕೋನ, ಐನೂರರ ಮೇಲೆ ವೃತ್ತ ಅಂತ ಉಬ್ಬಿದ ಗುರುತುಗಳಿವೆ, ಎರಡು ಪಕ್ಕದ ಅಂಚಿನಲ್ಲಿ ಓರೆ ಗೆರೆಗಳೂ ಇವೆ: ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಹೊಸ ನೋಟಿನಲ್ಲಿ ಅವು ಗೊತ್ತಾಗುತ್ತವೆ. ಕೈ ಬದಲಾಗಿ ಬದಲಾಗಿ ಸವೆದ ಮೇಲೆ ಕಣ್ಣು ಮುಚ್ಚಿ ಸವರಿ ನೋಡಿ, ನಾಲ್ಕೋ ಐದೋ ಹೇಳುವುದು ಕಷ್ಟ. ರಿಸರ್ವ್ ಬ್ಯಾಂಕ್ 2020ರಲ್ಲಿ ಮಣಿ ಅನ್ನುವ ಆ್ಯಪ್ ತಂದಿತು, ಫೋನ್ ಹಿಡಿದರೆ ಯಾವ ನೋಟು ಅಂತ ಹೇಳುತ್ತದೆ. ಒಳ್ಳೆಯದೇ. ಆದರೆ ಬಸ್ಸಿನಲ್ಲಿ ನಿಂತುಕೊಂಡು ಟಿಕೆಟ್ ತೆಗೆಸುವವರು ಫೋನ್ ಎಲ್ಲಿ ಹಿಡಿಯಬೇಕು?

ನಿಮ್ಮ ಡಿಸೈನಿನಲ್ಲಿ ಒಂದೊಂದು ಮೆಟ್ಟಿಲಿಗೂ ಕನಿಷ್ಠ ಏಳೆಂಟು ಮಿಲಿಮೀಟರ್ ಅಂತರ ಇಡಿ. ಆಗ ಉದ್ದ ಜಾಸ್ತಿಯಾಗಿ ಪರ್ಸಿನಲ್ಲಿ ಹಿಡಿಯಲ್ಲ ಅನಿಸಿದರೆ 10ರ ನೋಟನ್ನೇ ಇನ್ನಷ್ಟು ಚಿಕ್ಕದು ಮಾಡಿ ಅಲ್ಲಿಂದ ಏರಿಸಿ. ಓರೆ ಗೆರೆಗಳನ್ನು ಎಣಿಸುವ ಕೆಲಸ ಯಾರಿಗೂ ಕೊಡಬೇಡಿ. ಒಂದು ನೋಟಿಗೆ ಎಡ ಅಂಚಿನ ಮೇಲ್ಗಡೆ, ಇನ್ನೊಂದಕ್ಕೆ ಮಧ್ಯದಲ್ಲಿ, ಮತ್ತೊಂದಕ್ಕೆ ಕೆಳಗಡೆ, ಹೀಗೆ ಜಾಗ ಬದಲಾಯಿಸಿದರೆ ಬೆರಳಿಗೆ ಬೇಗ ಸಿಗುತ್ತದೆ.

ಅಂಕಿ ನಾಲ್ಕು ಮೂಲೆಯಲ್ಲೂ ಇರಲಿ. ಜನ ನೋಟನ್ನು ನಡುವೆ ಮಡಚಿ ಜೇಬಿಗೆ ಹಾಕುತ್ತಾರೆ, ಹಾಗಾಗಿ ಎರಡು ಅರ್ಧದಲ್ಲೂ ಬೆಲೆ ಕಾಣಬೇಕು. ಒಂದು ಅಂಕಿಯಾದರೂ ಹೆಬ್ಬೆರಳಿಗಿಂತ ದೊಡ್ಡದಾಗಿರಲಿ. ಬಣ್ಣವೂ ಹಾಗೆ. ಈಗಿನ 20ರದ್ದು ಹಸಿರು ಬೆರೆತ ಹಳದಿ, 200ರದ್ದು ಗಾಢ ಹಳದಿ. ಸಂಜೆ ಕಡಿಮೆ ಬೆಳಕಿನ ತರಕಾರಿ ಗಾಡಿಯ ಮುಂದೆ ನಿಂತು ನೋಡಿ, ಒಂದು ಸೊನ್ನೆಯ ವ್ಯತ್ಯಾಸ ಇರುವ ಎರಡು ನೋಟಿಗೆ ಅಕ್ಕಪಕ್ಕದ ಬಣ್ಣ ಕೊಡಬಾರದು ಅಂತ ನಿಮಗೇ ಅನಿಸುತ್ತದೆ. 10ಕ್ಕೂ 100ಕ್ಕೂ, 20ಕ್ಕೂ 200ಕ್ಕೂ, 50ಕ್ಕೂ 500ಕ್ಕೂ ಆದಷ್ಟು ದೂರದ ಬಣ್ಣ ಆರಿಸಿ.

ಈಗ ಭಾಷೆಗಳ ಪಟ್ಟಿ. ಹಿಂಬದಿಯಲ್ಲಿ 15 ಭಾಷೆಯಲ್ಲಿ ಬೆಲೆ ಬರೆದಿರುತ್ತದೆ, ಕನ್ನಡ ನಾಲ್ಕನೆಯ ಸಾಲು. 10ರ ನೋಟಿನಲ್ಲಿ ‘ಹತ್ತು ರೂಪಾಯಿಗಳು’ ಎಷ್ಟು ಸಣ್ಣದಾಗಿದೆ ನೋಡಿ, ತ ಒತ್ತು ಕಾಣಬೇಕಾದರೆ ಕಣ್ಣು ಕಿರಿದು ಮಾಡಬೇಕು. ಮಾಡರ್ನ್ ಲುಕ್ ಅಂತ ಈ ಪಟ್ಟಿಯನ್ನೇ ತೆಗೆದುಹಾಕುವ ಡಿಸೈನ್‌ಗಳು ಬರುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂಬೈಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಕನ್ನಡದ ಮಕ್ಕಳಿಗೆ ಮನೆಯ ಹೊರಗೆ ನಮ್ಮ ಲಿಪಿ ಕಾಣುವುದು ನೋಟಿನ ಮೇಲೆ ಮಾತ್ರ. ಪಟ್ಟಿಗೆ ಜಾಗ ಜಾಸ್ತಿ ಕೊಡಿ, ಬೇಕಾದರೆ ಎರಡು ಕಾಲಂ ಮಾಡಿ. ಎಲ್ಲ ಭಾಷೆಗೂ ಒಂದೇ ಸಾಲಿನ ಎತ್ತರ ಕೊಟ್ಟರೆ ಒತ್ತಕ್ಷರ ಇರುವ ಕನ್ನಡ, ತೆಲುಗಿಗೆ ಇಕ್ಕಟ್ಟಾಗುತ್ತದೆ, ಬಲದಿಂದ ಎಡಕ್ಕೆ ಇಳಿಜಾರಾಗಿ ಬರುವ ಉರ್ದುವಿಗೂ ಅಷ್ಟೇ. ಫಾಂಟಿಗೆ ನನ್ನ ಸಲಹೆ ‘ಅನೇಕ್’. ಮುಂಬೈಯ ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆ ಮಾಡಿದ್ದು, ಉಚಿತ. ಕನ್ನಡ, ದೇವನಾಗರಿ, ಗುಜರಾತಿ, ತಮಿಳು, ತೆಲುಗು ಎಲ್ಲವೂ ಒಂದೇ ಮನೆಯ ಹಾಗೆ ಕಾಣುತ್ತವೆ, ಅಗಲವನ್ನೂ ದಪ್ಪವನ್ನೂ ಹೊಂದಿಸಬಹುದು. ಉರ್ದುವಿಗೆ ‘ನೋಟೊ ನಸ್ತಾಲೀಕ್’ ಅನ್ನುವ ಫಾಂಟ್ ಹಾಕಿ.

ಇಷ್ಟಾದ ಮೇಲೆ ಚಿತ್ರ. ಆರು ನೋಟಿನ ಚಿತ್ರಗಳಿಗೂ ಒಂದೇ ವಿಷಯ ಇರಲಿ. ನಾರ್ವೆಯವರು ಕಡಲನ್ನು ಹಿಡಿದುಕೊಂಡರು. ಅಲ್ಲಿಯ ಸ್ನೋಹೆಟ್ಟಾ ಅನ್ನುವ ಡಿಸೈನ್ ಕಂಪನಿ ಹಿಂಬದಿಗೆ ಬರೀ ಬಣ್ಣದ ಚೌಕಗಳನ್ನು ಜೋಡಿಸಿತು, ಬೆಲೆ ಏರಿದಂತೆ ಗಾಳಿ ಜೋರಾಗಿ ಚೌಕಗಳು ಉದ್ದುದ್ದ ಎಳೆದುಕೊಳ್ಳುತ್ತವೆ. ಯೂರೋ ನೋಟಿನಲ್ಲಿ ಯಾವ ದೇಶಕ್ಕೂ ಬೇಸರ ಆಗಬಾರದು ಅಂತ ಆಸ್ಟ್ರಿಯಾದ ಡಿಸೈನರ್ ರಾಬರ್ಟ್ ಕಲಿನಾ ಎಲ್ಲೂ ಇಲ್ಲದ ಸೇತುವೆಗಳನ್ನು ಬರೆದರು. ನಮ್ಮಲ್ಲಿ ಈಗ ಹಂಪಿ, ಎಲ್ಲೋರ, ಕೋಣಾರ್ಕ, ರಾಣಿ ಕಿ ವಾವ್, ಸಾಂಚಿ, ಕೆಂಪುಕೋಟೆ ಇವೆ. 50ರ ನೋಟಿನಲ್ಲಿ ಕಲ್ಲಿನ ರಥ ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ. ಆದರೂ ಹೊಸದು ಮಾಡುವಾಗ ಕಟ್ಟಡ ಬಿಟ್ಟು ಯೋಚಿಸಿ. ನಾನಾದರೆ ನೀರು ತೆಗೆದುಕೊಳ್ಳುತ್ತೇನೆ: 10ಕ್ಕೆ ಬಾವಿ, 20ಕ್ಕೆ ಕೆರೆ, 50ಕ್ಕೆ ಹೊಳೆ, 100ಕ್ಕೆ ಜಲಪಾತ, 200ಕ್ಕೆ ಅಳಿವೆ, 500ಕ್ಕೆ ಕಡಲು. ಯಾವ ರಾಜ್ಯದವರೂ ಇದು ನಮ್ಮದಲ್ಲ ಅನ್ನುವುದಿಲ್ಲ, ಬೆಲೆಯ ಏರಿಕೆಯೂ ಚಿತ್ರದಲ್ಲೇ ಕಾಣುತ್ತದೆ.

ಚಿತ್ರ ಬರೆಯುವಾಗ ಒಂದು ವಿಷಯ ನೆನಪಿಡಿ. ನೋಟು ಪೋಸ್ಟರಿನ ಹಾಗೆ ನಾಲ್ಕು ಬಣ್ಣದ ಚುಕ್ಕಿಗಳಲ್ಲಿ ಅಚ್ಚಾಗುವುದಿಲ್ಲ. ಬೇಕಾದ ಬಣ್ಣದ ಶಾಯಿಯನ್ನೇ ಕಲಸಿ ಕೂದಲೆಳೆಯ ಗೆರೆಗಳಲ್ಲಿ ಅಚ್ಚು ಹಾಕುತ್ತಾರೆ. ಝೆರಾಕ್ಸ್ ಅಥವಾ ಪ್ರಿಂಟರ್ ಆ ಗೆರೆಯನ್ನು ಚುಕ್ಕಿಯಾಗಿ ಒಡೆಯುತ್ತದೆ, ಖೋಟಾ ನೋಟು ಸಿಕ್ಕಿಬೀಳುವುದು ಅಲ್ಲೂ ಹೌದು. ಆದ್ದರಿಂದ ಗ್ರೇಡಿಯೆಂಟ್, ಅಂದರೆ ಒಂದು ಬಣ್ಣ ಇನ್ನೊಂದರಲ್ಲಿ ಮೆಲ್ಲಗೆ ಕರಗುವುದು, ಬೇಡ, ನೆರಳು ಬೇಡ. ಇಲಸ್ಟ್ರೇಟರ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಎರಡು ಅಲೆಯ ಗೆರೆ ಎಳೆದು ‘ಬ್ಲೆಂಡ್’ ಮಾಡಿ, ನಡುವೆ ನಲವತ್ತು ಐವತ್ತು ಗೆರೆ ಹುಟ್ಟುತ್ತವೆ. ಕತ್ತಲು ಬೇಕಾದಲ್ಲಿ ಗೆರೆ ದಪ್ಪ, ಬೆಳಕು ಬೇಕಾದಲ್ಲಿ ತೆಳು. ಗಾಂಧೀಜಿಯ ಮುಖವೂ ಹೀಗೇ ಗೆರೆಗಳಿಂದಲೇ ಬಂದದ್ದು. ಭೂತಗನ್ನಡಿ ಹಿಡಿದು ಕೆನ್ನೆಯ ಹತ್ತಿರ ನೋಡಿ, ಗೆರೆಗಳು ಕೆನ್ನೆಯ ಉಬ್ಬನ್ನು ಅನುಸರಿಸಿ ಬಾಗುತ್ತವೆ. ಇದನ್ನು ನೋಡದೆ ಫೋಟೋ ತಂದು ಅಂಟಿಸಿದರೆ ನೋಟು ಕೂಪನ್ನಿನ ಹಾಗೆ ಕಾಣುತ್ತದೆ.

ಬಲಗಡೆ ಖಾಲಿ ಜಾಗ ಬಿಡುವುದು ಮರೆಯಬೇಡಿ, ಬೆಳಕಿಗೆ ಹಿಡಿದರೆ ಕಾಣುವ ವಾಟರ್‌ಮಾರ್ಕ್ ಅಲ್ಲಿ ಬರಬೇಕು. ಭದ್ರತಾ ದಾರದ ಮೇಲೆ ಮುಖ್ಯ ಅಕ್ಷರ ಬೀಳದಂತೆ ನೋಡಿಕೊಳ್ಳಿ. ಹಳೆಯ ನೋಟುಗಳಲ್ಲಿ ಇದನ್ನೆಲ್ಲ ಹೇಗೆ ಮಾಡಿದ್ದರು ಅಂತ ತಿಳಿಯಲು ಮುಂಬೈಯ ಫೋರ್ಟ್‌ನಲ್ಲಿರುವ ರಿಸರ್ವ್ ಬ್ಯಾಂಕಿನ ಮಾನಿಟರಿ ಮ್ಯೂಸಿಯಂಗೆ ಹೋಗಿ ಬನ್ನಿ. 1954ರ 5000 ರೂಪಾಯಿ ನೋಟಿನ ಮೇಲೆ ನಮ್ಮ ಗೇಟ್‌ವೇ ಆಫ್ ಇಂಡಿಯಾ ಇತ್ತು ಅಂತ ಎಷ್ಟು ಮುಂಬೈಯವರಿಗೆ ಗೊತ್ತು?

ಕೊನೆಗೆ ಪರೀಕ್ಷೆ. ಇಲ್ಲಿ ಕಾನೂನು ಗೊತ್ತಿರಲಿ: ನೋಟನ್ನು ಹೋಲುವ ಕಾಗದ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 182ನೇ ಸೆಕ್ಷನ್ ಪ್ರಕಾರ ಅಪರಾಧ. ಅದಕ್ಕೆ ಪೂರ್ತಿ ಡಿಸೈನನ್ನು ನಿಜ ಅಳತೆಯಲ್ಲಿ ಅಚ್ಚು ಹಾಕಲೇಬೇಡಿ. ಪ್ರದರ್ಶನಕ್ಕೆ ತುಂಬಾ ದೊಡ್ಡದಾಗಿ, ಒಂದೇ ಬದಿ, ಅಡ್ಡಕ್ಕೆ ‘ನಮೂನೆ’ ಅಂತ ದಪ್ಪ ಅಕ್ಷರದಲ್ಲಿ. ಕೈಯ ಪರೀಕ್ಷೆಗೆ ಬರೀ ಬಣ್ಣದ ಕಾಗದ ಸಾಕು. ಆರು ಅಳತೆಗೆ ಕತ್ತರಿಸಿ, ಅಂಕಿ ಮಾತ್ರ ಬರೆದು, ಗುರುತಿನ ಜಾಗದಲ್ಲಿ ಫೆವಿಕಾಲ್ ಗೆರೆ ಎಳೆದು ಒಣಗಿಸಿ. ಮಡಚಿ, ಮುದ್ದೆ ಮಾಡಿ, ಒದ್ದೆ ಮಾಡಿ, ಮಂದ ಬೆಳಕಿನಲ್ಲಿ ಕಲೆಸಿ ಎಣಿಸಿ. ಆಮೇಲೆ ಗಲ್ಲಾದವರ ಕೈಗೆ, ಕಣ್ಣು ಕಾಣದವರ ಕೈಗೆ, ಹಣ್ಣು ಮಾರುವ ಅಜ್ಜಿಯ ಕೈಗೆ ಕೊಡಿ. ಅವರು ಎರಡು ನೋಟನ್ನು ಅದಲುಬದಲು ಮಾಡಿದರೆ ಏನೂ ವಿವರಣೆ ಕೊಡಬೇಡಿ, ಸುಮ್ನೆ ಯಾವ ಎರಡು ಅಂತ ಬರೆದುಕೊಂಡು ಬಂದು ಅಳತೆಯನ್ನೋ ಬಣ್ಣವನ್ನೋ ಬದಲಾಯಿಸಿ, ಮತ್ತೆ ಕತ್ತರಿಸಿ.