ಭಟ್ಟಿ, ಮಿಲ್ಲು, ಲೇತ್ ಶಾಪ್ ನಡೆಸೋರು ಹೊಸ ಮಷಿನ್‌ಗೆ ಮುಂಚೆ ಮಾಡ್ಬೇಕಾದ್ದು

ಮಂಡಕ್ಕಿ ಭಟ್ಟಿ ಇರ್ಲಿ, ಚಳ್ಳಕೆರೆ ಕಡೆ ಎಣ್ಣೆ ಮಿಲ್ ಇರ್ಲಿ, ಹರಿಹರದಾಗೆ ಲೇತ್ ಶಾಪ್ ಇರ್ಲಿ, ವ್ಯಾಪಾರ ಡಲ್ ಆಯ್ತು ಅಂದ್ಕೂಡ್ಲೇ ನಮ್ಮೋರು ಓಡೋದು ಹೊಸ ಮಷಿನ್ ಕೊಟೇಶನ್ ತರೋಕೆ. ಅದು ಕೊನೇ ಕೆಲ್ಸ ರೀ. ದಾವಣಗೆರೇನ ಒಂದ್ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಆ ಹತ್ತಿ ಮಿಲ್ಲುಗಳು ಈಗೆಲ್ಲಿ? 1941ರಲ್ಲಿ ಹರಿಹರಕ್ಕೆ ಬಂದ ಕಿರ್ಲೋಸ್ಕರ್ ಲೇತ್ ಕಾರ್ಖಾನೇನೂ ಮುಚ್ತು. ಮಷಿನ್ ಮಾಡೋ ಫ್ಯಾಕ್ಟರೀನೇ ಉಳೀಲಿಲ್ಲ ಅಂದ್ಮೇಲೆ ಬರೀ ಮಷಿನ್ ನಂಬ್ಕೊಂಡು ಕೂರೋದು ಹೆಂಗೆ.

ಮೊದ್ಲು ಒಂದು ನೋಟ್‌ಬುಕ್ ಇಡ್ರಿ. ಭಟ್ಟಿ ಆದ್ರೆ ದಿನಾ ಎಷ್ಟು ಅಕ್ಕಿ ಹಾಕಿದ್ರಿ, ಎಷ್ಟು ಮಂಡಕ್ಕಿ ಬಂತು, ಅರಳದೇ ಉಳಿದ ಕಾಳು ಎಷ್ಟು, ಹೊಟ್ಟು ಎಷ್ಟು ಉರೀತು, ಇಷ್ಟನ್ನೇ ಒಂದು ತಿಂಗ್ಳು ಬರೀರಿ. ಹಗಲು ಪಾಳಿಗೂ ರಾತ್ರಿ ಪಾಳಿಗೂ ಲೆಕ್ಕ ಬ್ಯಾರೆ ಬಂದ್ರೆ ಅಲ್ಲೇ ದುಡ್ಡು ಸೋರ್ತಾ ಐತೆ ಅಂತ. ಬಹಳ ಸಲ ಅದು ತೇವದ್ದೇ ಸಮಸ್ಯೆ, ಉಪ್ಪುನೀರು ಕಲ್ಸಿ ಆರಿಸಿದ ಅಕ್ಕೀಲಿ ತೇವ ಶೇ. 10-11ರ ಹತ್ರ ಇದ್ರೆ ಚೆನ್ನಾಗಿ ಅರಳುತ್ತೆ, ಹಳೇ ಕೆಲಸಗಾರ ಕೈಯಾಗೆ ಹಿಡಿದೇ ಹೇಳ್ತಾನೆ, ಆದ್ರೆ ಅವ್ನು ರಜಾ ಹಾಕಿದ ದಿನ? ಅದಕ್ಕೇ ತೇವ ಅಳೆಯೋ ಮೀಟರ್ ಒಂದು ತಗೊಳ್ರಿ, ಲಕ್ಷಗಟ್ಲೆ ಮಷಿನ್‌ಗಿಂತ ಮುಂಚೆ ಇದು. ಎಣ್ಣೆ ಮಿಲ್ಲಿನೋರು ಹಿಂಡೀಲಿ ಎಷ್ಟು ಎಣ್ಣೆ ಉಳೀತೈತೆ ಅಂತ ಲ್ಯಾಬಲ್ಲಿ ಚೆಕ್ ಮಾಡಿಸ್ರಿ, ಬೂಷ್ಟು ಹಿಡಿದ ಶೇಂಗಾ ಗಾಣಕ್ಕೆ ಹೋಗೋಕೆ ಮುಂಚೇನೇ ಆರಿಸಿ ತೆಗೀರಿ.

ಆಮೇಲೆ ಮಾಲು. ಮಳೆಗಾಲದಾಗೆ ಮಂಡಕ್ಕಿ ಮೆತ್ತಗಾಗುತ್ತೆ, ಅದಕ್ಕೆ ಬರೀ ಪ್ಲಾಸ್ಟಿಕ್ ನೇಯ್ಗೆ ಚೀಲ ಸಾಲಲ್ಲ, ಒಳಗೊಂದು ಲೈನರ್, ಅಂದ್ರೆ ತೇವ ತಡೆಯೋ ಪ್ಲಾಸ್ಟಿಕ್ ಒಳಚೀಲ ಬೇಕು. ಚೀಲದ ಲೆಕ್ಕದಾಗೆ ಮಾರಿದ್ರೆ ರೇಟು ಮಂಡಿಯೋನ ಕೈಯಾಗೆ, ಖಾರ ಮಂಡಕ್ಕಿ ಮಾಡಿ ಸಣ್ಣ ಪ್ಯಾಕೆಟ್ ಹಾಕಿದ್ರೆ ಸ್ವಲ್ಪ ನಿಮ್ಮ ಕೈಗೆ ಬರುತ್ತೆ. ಆದ್ರೆ ಒಂದೇ ಸಲ ಸಾವಿರಾರು ಕವರ್ ಪ್ರಿಂಟ್ ಹಾಕಿಸ್ಬ್ಯಾಡ್ರಿ! ಸಾದಾ ಕವರಿಗೆ ಸ್ಟಿಕ್ಕರ್ ಹಚ್ಚಿ ನಾಲ್ಕೈದು ಅಂಗ್ಡಿಗೆ ಕೊಡ್ರಿ, ಅಂಗಡಿಯೋನೇ ಫೋನ್ ಮಾಡಿ ಇನ್ನೂ ಕಳ್ಸಿ ಅಂದ್ರೆ ಮುಂದುವರೀರಿ. ಲೂಸ್ ಮಾಲಿಗೂ ಲೇಬಲ್ ಹಚ್ಚಿದ ಪ್ಯಾಕೆಟ್ಟಿಗೂ ಜಿಎಸ್‌ಟಿ ಬ್ಯಾರೆ ಬ್ಯಾರೆ ಇರ್ಬೋದು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರೂ ಬೇಕು, ಆಡಿಟರ್ ಹತ್ರ ಮೊದ್ಲೇ ಕೇಳ್ರಿ.

ಲೇತ್ ಶಾಪಿನೋರಿಗೆ ಒಂದೇ ಮಾತು, ಒಂದೇ ದೊಡ್ಡ ಕಂಪ್ನಿ ಕೊಡೋ ಜಾಬ್‌ವರ್ಕ್ (ಕೂಲಿಗೆ ಮಾಡಿಕೊಡೋ ಕೆಲ್ಸ) ಮೇಲೆ ಪೂರ್ತಿ ಕೂತಿರಬ್ಯಾಡ್ರಿ. ಉದ್ಯಮ್ ರಿಜಿಸ್ಟ್ರೇಶನ್, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಾಗೆ ಹೆಸರು ನೋಂದಾಯಿಸೋದು, ಫ್ರೀ, ಇವತ್ತೇ ಮಾಡಿಸ್ರಿ. 2006ರ ಎಂಎಸ್‌ಎಂಇ (ಸಣ್ಣ-ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ ಪೇಮೆಂಟ್ 45 ದಿನ ದಾಟಂಗಿಲ್ಲ, ಬರವಣಿಗೇಲಿ ಒಪ್ಪಂದ ಇಲ್ಲ ಅಂದ್ರೆ 15 ದಿನ. ಬಾಕಿ ಸಿಗದೇ ಇರೋನು ಹೊಸಾದು ಏನ್ ಮಾಡ್ತಾನೆ ಹೇಳ್ರಿ.

ಇಷ್ಟಾದ್ಮೇಲೂ ಮಷಿನ್ ಬೇಕೇ ಬೇಕು ಅನಿಸಿದ್ರೆ, ತಿಂಡಿ-ಎಣ್ಣೆ ಘಟಕಗಳಿಗೆ ಪಿಎಂಎಫ್‌ಎಂಇ ಅನ್ನೋ ಕೇಂದ್ರ ಸರ್ಕಾರದ ಸ್ಕೀಮಿನಾಗೆ ಶೇ. 35, ಹೆಚ್ಚಂದ್ರೆ 10 ಲಕ್ಷ ಸಬ್ಸಿಡಿ ಅಂತ ಐತೆ, ಈಗ ಅರ್ಜಿ ತಗೋತಾರಾ ಅಂತ ಕೃಷಿ ಇಲಾಖೇಲಿ ವಿಚಾರಿಸ್ರಿ. ಸಬ್ಸಿಡಿ ಐತೆ ಅಂತ ಮಾತ್ರ ಮಷಿನ್ ತಗೋಬ್ಯಾಡ್ರಿ, ಉಳಿದ ಸಾಲ ನೀವೇ ಕಟ್ಟೋದು. ಮಾರೋನ ಹತ್ರ ನಿಮ್ಮದೇ ಒಂದು ಚೀಲ ಅಕ್ಕಿ ತಗೊಂಡ್ಹೋಗಿ ಅವ್ನ ಮಷಿನ್‌ನಾಗೆ ಒಂದಿನ ಪೂರ್ತಿ ಓಡ್ಸಿ ನೋಡ್ರಿ, ಬಂದ ಲೆಕ್ಕಾನ ನಿಮ್ಮ ನೋಟ್‌ಬುಕ್ ಜೊತೆ ಹೋಲ್ಸಿ, ಕೆಟ್ರೆ ಪಾರ್ಟ್ಸ್ ದಾವಣಗೆರೇಲೇ ಸಿಗ್ತಾವಾ, ಬೆಂಗ್ಳೂರಿಂದ ಬರ್ಬೇಕಾ ಕೇಳ್ರಿ, ಆಮೇಲೆ ಅಡ್ವಾನ್ಸ್ ಕೊಡ್ರಿ.