ಕತನ ಅನ್ನಬೇಕಾ, ಕತ್ತಿ ಅಂದರೆ ಸಾಕಾ? ಜಪಾನಿನ ಹಳೆಯ ಆಯುಧಗಳ ಹೆಸರು ಬರೆಯುವ ಬಗೆ

ಜಪಾನಿನ ಹಳೆಯ ಆಯುಧಗಳ ಬಗ್ಗೆ ಬರೆಯಲು ಕೂತವರಿಗೆಲ್ಲ ಮೊದಲ ಪುಟದಲ್ಲೇ ಒಂದು ಪೇಚು ಕಾದಿರುತ್ತದೆ. ಸಮುರಾಯ್ ಯೋಧರ ಬಾಗಿದ ಕತ್ತಿಗೆ ಕತನ ಅಂತ ಬರೆಯಬೇಕಾ, ಸಮುರಾಯ್ ಸ್ವೋರ್ಡ್ ಅಂದರೆ ನಡೆಯುತ್ತಾ, ಇಲ್ಲಾ ಸುಮ್ನೆ ಕತ್ತಿ ಅಂದುಬಿಡೋಣವಾ? ಕತೆ ಬರೆಯುವವರು, ಅನಿಮೆಗೆ ಸಬ್‌ಟೈಟಲ್ ಹಾಕುವವರು, ಗೇಮ್ ಬಗ್ಗೆ ಬರೆಯುವವರು, ಎಲ್ಲರೂ ಇಲ್ಲಿ ಒಮ್ಮೆ ತಡವರಿಸಿದವರೇ. ಕೆಲವರು ಪ್ರತಿ ವಸ್ತುವಿಗೂ ಜಪಾನಿ ಹೆಸರು ತುರುಕಿ ಓದುವವರ ತಲೆ ತಿನ್ನುತ್ತಾರೆ. ಇನ್ನು ಕೆಲವರು ಎಲ್ಲಕ್ಕೂ ಇಂಗ್ಲಿಷ್ ಸಿನಿಮಾದ ಹೆಸರು ಹಚ್ಚಿ ಕೈತೊಳೆದುಕೊಳ್ಳುತ್ತಾರೆ. ನಾನು ಎರಡೂ ಮಾಡಿದ್ದೇನೆ.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಜಪಾನಿನ ಮೇಲೆ ಮಂಗೋಲರು 1274ರಲ್ಲಿ ಒಮ್ಮೆ, 1281ರಲ್ಲಿ ಇನ್ನೊಮ್ಮೆ ದಂಡೆತ್ತಿ ಬಂದರಲ್ಲ, ಅದರ ಬಗ್ಗೆ ಒಂದು ಬರಹ ಬರೆದಿದ್ದೆ. ಅದರಲ್ಲಿ ಕುದುರೆ ಮೇಲೆ ಕೂತ ಯೋಧನ ಸೊಂಟಕ್ಕೆ ಭಾರಿ ಠೀವಿಯಿಂದ ಒಂದು ‘ಕತನ’ ಕಟ್ಟಿದೆ. ಓದಿದವರೊಬ್ಬರು ಒಂದೇ ಸಾಲು ಬರೆದರು: “ಅದು ತಚಿ ಅಲ್ವಾ?” ಹೌದು, ತಚಿಯೇ. ಕತ್ತಿ ಅಂದಿದ್ದರೆ ತಪ್ಪೇ ಇರುತ್ತಿರಲಿಲ್ಲ. ತಿಳಿದವನ ಹಾಗೆ ಕಾಣಿಸಲು ಹೋಗಿ ಸಿಕ್ಕಿಬಿದ್ದೆ. ಅವತ್ತಿನಿಂದ ಜಪಾನಿ ಹೆಸರು ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಹೆಸರು ಹೇಳುವಷ್ಟು ವಿವರ ನನಗೆ ನಿಜವಾಗಿ ಗೊತ್ತಿದೆಯಾ, ಮತ್ತು ಆ ವಿವರ ಈ ವಾಕ್ಯಕ್ಕೆ ಬೇಕಾ? ಎರಡಕ್ಕೂ ಹೌದು ಬಂದರೆ ಮಾತ್ರ ಜಪಾನಿ ಹೆಸರು.

ತಚಿ ಮತ್ತು ಕತನ, ಎರಡೂ ಒಂದೇ ಕಡೆ ಹರಿತವಿರುವ ಬಾಗಿದ ಕತ್ತಿಗಳು. ದೂರದಿಂದ ನೋಡಿದರೆ ಅವಳಿ ಮಕ್ಕಳು. ವ್ಯತ್ಯಾಸ ಇರುವುದು ತೊಡುವ ಬಗೆಯಲ್ಲಿ. ತಚಿ ಹಳೆಯದು. ಅದನ್ನು ಹರಿತವಾದ ಬದಿ ಕೆಳಗೆ ಬರುವಂತೆ ಸೊಂಟದಿಂದ ತೂಗುಬಿಡುತ್ತಿದ್ದರು, ಕುದುರೆ ಸವಾರಿಗೆ ಅದು ಅನುಕೂಲ. ಕತನವನ್ನು ಹರಿತವಾದ ಬದಿ ಮೇಲೆ ಬರುವಂತೆ ನಡುಪಟ್ಟಿಗೆ ಸಿಕ್ಕಿಸುತ್ತಾರೆ. ಕಾಲಾಳುಗಳ ಹೊಡೆದಾಟ ಜಾಸ್ತಿಯಾದ ಮುರೊಮಚಿ ಕಾಲದಲ್ಲಿ, ಅಂದರೆ 1336ರಿಂದ 1573ರ ನಡುವೆ, ಇದು ಬಳಕೆಗೆ ಬಂತು. ಒರೆಯಿಂದ ಎಳೆಯುವುದು, ಹೊಡೆಯುವುದು ಎರಡೂ ಒಂದೇ ಬೀಸಿನಲ್ಲಿ ಆಗುತ್ತದೆ. ಮ್ಯೂಸಿಯಮ್ಮಿನ ಫೋಟೋ ಸಿಕ್ಕರೆ ಗಾಜಿನೊಳಗಿನ ಕತ್ತಿಯ ಹರಿತವಾದ ಬದಿ ಎತ್ತ ಇದೆ ನೋಡಿ. ಸಂಪ್ರದಾಯದ ಪ್ರಕಾರ ತಚಿಯನ್ನು ಕೆಳಮುಖವಾಗಿ, ಕತನವನ್ನು ಮೇಲ್ಮುಖವಾಗಿ ಇಡುತ್ತಾರೆ. ಹಿಡಿ ಬಿಚ್ಚಿಟ್ಟಿದ್ದರೆ ಅಲಗಿನ ಬುಡದಲ್ಲಿ ಕಮ್ಮಾರನ ಹೆಸರು ಕೊರೆದಿರುವುದೂ ಕಾಣಬಹುದು. ತೊಟ್ಟಾಗ ಹೊರಗೆ ಬರುವ ಬದಿಗೇ ಹೆಚ್ಚಾಗಿ ಹೆಸರು ಕೊರೆಯುತ್ತಿದ್ದುದರಿಂದ, ಹೆಸರು ಯಾವ ಬದಿಗಿದೆ ಅನ್ನುವುದರಿಂದಲೂ ಅದು ಏನಾಗಿ ಹುಟ್ಟಿತು ಅಂತ ತಿಳಿಯುತ್ತದೆ.

ಹುಟ್ಟಿತು ಅಂತ ಯಾಕೆ ಹೇಳಿದೆ ಅಂದರೆ, ಎಷ್ಟೋ ಉದ್ದನೆಯ ತಚಿಗಳನ್ನು ಮುಂದೆ ಬುಡದಿಂದ ಕತ್ತರಿಸಿ ಗಿಡ್ಡ ಮಾಡಿ ಕತನಗಳಾಗಿ ಬಳಸಿದ್ದಾರೆ. ಅಲಗು ಅದೇ, ಹೆಸರು ಬೇರೆ. ಹಾಗಾಗಿ ಬರೀ ಅಲಗು ನೋಡಿ “ಇದು ಖಂಡಿತ ಕತನ” ಎಂದು ಜಗಳಕ್ಕೆ ನಿಲ್ಲಬೇಡಿ.

ಉದ್ದದ ಲೆಕ್ಕ ಸುಲಭ. ಜಪಾನಿನ ಹಳೆಯ ಅಳತೆ ಶಕು, ಸುಮಾರು 30.3 ಸೆಂಟಿಮೀಟರ್. ಅಲಗು ಎರಡು ಶಕು ದಾಟಿದರೆ ಕತನ, ಒಂದರಿಂದ ಎರಡರ ನಡುವೆ ಇದ್ದರೆ ವಕಿಜಶಿ, ಒಂದಕ್ಕಿಂತ ಕಮ್ಮಿ ಇದ್ದರೆ ತಂತೋ. ಮೂರು ಶಕು ದಾಟಿದ ದೈತ್ಯನಿಗೆ ಓದಚಿ. ಕತನ, ವಕಿಜಶಿ ಜೋಡಿಗೆ ದೈಶೋ ಅನ್ನುತ್ತಾರೆ, ಅರ್ಥ ‘ದೊಡ್ಡದು-ಚಿಕ್ಕದು’, ಅಷ್ಟೇ. ಕತೆಯಲ್ಲಿ ಇಷ್ಟೆಲ್ಲ ಬೇಕಾಗುವುದು ಅಪರೂಪ. “ಸೊಂಟದಲ್ಲಿ ಎರಡು ಕತ್ತಿ, ಒಂದು ಉದ್ದ, ಒಂದು ಗಿಡ್ಡ” ಅಂದರೆ ಓದುವವರಿಗೆ ಚಿತ್ರ ಸಿಕ್ಕಿತು.

ಇಲ್ಲೊಂದು ವಿಷಯ ನಾವು ಮರೆಯುತ್ತೇವೆ. ಈ ಹೆಸರುಗಳು ನಮಗೆ ಗಮ್ಮತ್ತಾಗಿ ಕೇಳಿಸುತ್ತವೆ, ಆದರೆ ಜಪಾನಿನವರಿಗೆ ಇವು ಮನೆಮಾತು. ಯರಿ ಅಂದರೆ ಈಟಿ. ಯುಮಿ ಅಂದರೆ ಬಿಲ್ಲು. ಕಮ ಅಂದರೆ ರೈತ ಹುಲ್ಲು ಕೊಯ್ಯುವ ಕುಡುಗೋಲು, ಬೇರೇನೂ ಅಲ್ಲ. ಕುನೈ ಕೂಡ ಮೂಲದಲ್ಲಿ ಅಗೆಯುವ, ಕೆರೆಯುವ ಸಲಕರಣೆ, ಎಸೆಯುವ ಚೂರಿ ಆಗಿದ್ದು ಕಾಮಿಕ್ಸ್ ಮತ್ತು ಗೇಮ್‌ಗಳಲ್ಲಿ. ಆಗ ಜಪಾನಿನ ಅಧಿಕಾರ ಹಿಡಿದಿದ್ದ ಹಿದೆಯೊಶಿ 1588ರಲ್ಲಿ ರೈತರಿಂದ ಆಯುಧ ಕಿತ್ತುಕೊಳ್ಳುವ ಆಜ್ಞೆ ಹೊರಡಿಸಿದ. ಅದಕ್ಕೆ ಕತನಗರಿ, ಅಂದರೆ ಕತನಗಳ ಬೇಟೆ ಎಂದೇ ಹೆಸರು. ಆದರೆ ಆ ಆಜ್ಞೆಯಲ್ಲಿ ಕತ್ತಿಗಳ ಜೊತೆ ಬಿಲ್ಲು, ಈಟಿ, ಕೋವಿ ಎಲ್ಲವೂ ಇವೆ. ಜಪಾನಿನವರೇ ಇಷ್ಟು ಸಡಿಲವಾಗಿ ಬಳಸಿದ ಪದವನ್ನು ನಾವು ಎಲ್ಲ ಕಡೆ ಬಿಗಿಹಿಡಿಯಬೇಕಾಗಿಲ್ಲ. ರೈತನ ಕೈಗೆ ‘ಕಮ’ ಕೊಟ್ಟರೆ ಅವನೇನೋ ಗುಪ್ತವಿದ್ಯೆ ಕಲಿತವನ ಹಾಗೆ ಕಾಣುತ್ತಾನೆ. ಕುಡುಗೋಲು ಕೊಡಿ, ರೈತನಾಗಿಯೇ ಇರುತ್ತಾನೆ.

ಬಿಲ್ಲಿಗೂ ಇದೇ ಮಾತು. ಜಪಾನಿನ ಬಿಲ್ಲು ಎರಡು ಮೀಟರಿಗಿಂತ ಉದ್ದ, ಹಿಡಿಯುವುದು ನಡುವಿನಲ್ಲಲ್ಲ, ನಡುವಿಗಿಂತ ಕೆಳಗೆ. ಯುಮಿ ಎಂದು ಬರೆದ ಮಾತ್ರಕ್ಕೆ ಇದು ಯಾರಿಗೂ ತಿಳಿಯುವುದಿಲ್ಲ. “ಆಳಿಗಿಂತ ಎತ್ತರದ ಬಿಲ್ಲು, ಕೆಳಭಾಗದಲ್ಲಿ ಹಿಡಿ” ಅಂದರೆ ತಿಳಿಯುತ್ತದೆ.

ಹಾಗಾದರೆ ಜಪಾನಿ ಹೆಸರೇ ಬೇಕು ಅನ್ನುವುದು ಯಾವಾಗ? ಇಂಗ್ಲಿಷ್ ಹೆಸರು ತಪ್ಪು ಚಿತ್ರ ಕೊಡುವಾಗ. ನಗಿನತ ನೋಡಿ. ಅದನ್ನು ಎಷ್ಟೋ ಕಡೆ ಹಾಲ್ಬರ್ಡ್ ಅಂತ ಬರೆದಿರುತ್ತಾರೆ. ಹಾಲ್ಬರ್ಡ್ ಯುರೋಪಿನದು, ಕೋಲಿನ ತುದಿಯಲ್ಲಿ ಕೊಡಲಿ, ಮೇಲೆ ಈಟಿಯ ಮೊನೆ. ನಗಿನತದಲ್ಲಿ ಕೊಡಲಿಯೇ ಇಲ್ಲ, ಉದ್ದ ಕೋಲಿನ ತುದಿಯಲ್ಲಿ ಬಾಗಿದ ಅಲಗು, ಅಷ್ಟೇ. ಇಲ್ಲಿ ನಗಿನತ ಎಂದೇ ಬರೆದು ಮೊದಲ ಸಲ ಅರ್ಧ ಸಾಲಿನ ವಿವರ ಕೊಡಿ. ಎಸೆಯುವ ಆಯುಧ ಶುರಿಕೆನ್‌ಗೆ ಹಚ್ಚುವ ‘ಥ್ರೋಯಿಂಗ್ ಸ್ಟಾರ್’ ಹೆಸರು ಇನ್ನೊಂದು. ಶುರಿಕೆನ್ ಅಂದರೆ ಅಂಗೈಯಲ್ಲಿ ಬಚ್ಚಿಟ್ಟ ಅಲಗು. ಅದರಲ್ಲಿ ಚಪ್ಪಟೆ ನಕ್ಷತ್ರದಂಥದ್ದೂ ಇದೆ, ದಬ್ಬಣದಂಥ ನೇರ ಕಡ್ಡಿಯೂ ಇದೆ. ಎಲ್ಲವನ್ನೂ ನಕ್ಷತ್ರ ಅಂದರೆ ಕಡ್ಡಿ ಎಲ್ಲಿಗೆ ಹೋಗಬೇಕು?

ಜಪಾನಿ ಹೆಸರು ಇದ್ದ ಮಾತ್ರಕ್ಕೆ ಹಳೆಯದು ಎಂದೂ ಅಲ್ಲ. ನಿಂಜತೋ, ಅದೇ ಹಿಡಿಗೂ ಅಲಗಿಗೂ ನಡುವೆ ಚೌಕ ಬಿಲ್ಲೆ ಇರುವ ನೆಟ್ಟಗಿನ ನಿಂಜಾ ಕತ್ತಿ, ಇಪ್ಪತ್ತನೇ ಶತಮಾನದ ಕೂಸು. ಹಳೆಯ ಕಾಲದ ಕತೆಯಲ್ಲಿ ಅದು ಬಂದರೆ ಹೆಸರು ಎಷ್ಟು ಸರಿಯಾಗಿ ಬರೆದರೂ ವಸ್ತುವೇ ತಪ್ಪು. ನುಂಚಕು (ಹಗ್ಗ ಇಲ್ಲವೇ ಸರಪಳಿಯಿಂದ ಜೋಡಿಸಿದ ಎರಡು ಗಿಡ್ಡ ಕೋಲು), ತೊನ್ಫ (ಅಡ್ಡ ಹಿಡಿಯ ಕೋಲು), ಸೈ ಇವನ್ನು ಸಮುರಾಯ್ ಕೈಗೆ ಕೊಡುವುದೂ ಹೀಗೇ. ಇವು ದಕ್ಷಿಣದ ಓಕಿನಾವ ದ್ವೀಪದ ಆಯುಧಗಳು, ಅದು 1879ರಲ್ಲಿ ಜಪಾನಿಗೆ ಪೂರ್ತಿ ಸೇರುವವರೆಗೆ ರ್‍ಯುಕ್ಯು ಎಂಬ ರಾಜ್ಯವಾಗಿತ್ತು. ಸೈಯನ್ನು ತ್ರಿಶೂಲ ಅನ್ನಲು ಕೈ ತುರಿಸುತ್ತದೆ, ಗೊತ್ತು. ಬೇಡ. ತ್ರಿಶೂಲ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಉದ್ದ ಕೋಲು. ಸೈ ಮೊಳಕೈಯಷ್ಟು ಉದ್ದದ ಲೋಹದ ಸರಳು, ಬದಿಗೆ ಎರಡು ಕೊಕ್ಕೆ. ಒಂದೇ ಕೊಕ್ಕೆ ಇದ್ದರೆ ಅದು ಜಿತ್ತೆ, ಎದೊ ಕಾಲದ (1603–1868) ಪೊಲೀಸರು ಹಿಡಿಯುತ್ತಿದ್ದದ್ದು.

ಇನ್ನು ಕನ್ನಡದಲ್ಲಿ ಬರೆಯುವ ಬಗೆ. ನಾವು ಇಂಗ್ಲಿಷ್ ಅಕ್ಷರ ನೋಡಿ ಕಟಾನಾ, ಟಾಂಟೋ, ನಗಿನಾಟಾ ಅಂತ ಬರೆಯುತ್ತೇವೆ. ಜಪಾನಿಯಲ್ಲಿ ಟ ಇಲ್ಲವೇ ಇಲ್ಲ, ಇರುವುದು ನಮ್ಮ ತ. ಕತನದ ಮೂರೂ ಅಕ್ಷರ ಹ್ರಸ್ವ. ದೀರ್ಘ ಬೇಕಾದ ಕಡೆ ಮಾತ್ರ ದೀರ್ಘ: ತಂತೋ, ದೈಶೋ, ಕೋಲಿಗೆ ಬೋ. ಇಂಗ್ಲಿಷಿನಲ್ಲಿ ಇದನ್ನು ತೋರಿಸಲು ಅಕ್ಷರದ ತಲೆ ಮೇಲೆ ಗೆರೆ ಎಳೆಯಬೇಕು, ನಮಗೆ ಲಿಪಿಯೇ ಕೊಟ್ಟಿದೆ. ಒತ್ತಕ್ಷರವೂ ಅಷ್ಟೇ. ಕೋವಿಗೆ ತೆಪ್ಪೋ ಅನ್ನುತ್ತಾರೆ (ನೀರಿನಲ್ಲಿ ತೇಲುವ ತೆಪ್ಪ ಅಲ್ಲ!). 1543ರಲ್ಲಿ ಪೋರ್ಚುಗೀಸರ ಕೋವಿ ಮೊದಲು ಬಂದಿಳಿದ ದ್ವೀಪ ತನೆಗಶಿಮ, ಆಮೇಲೆ ಆ ದ್ವೀಪದ ಹೆಸರೇ ಕೋವಿಗೂ ಅಂಟಿಕೊಂಡಿತು.

ನನಗೆ ತುಂಬ ಇಷ್ಟವಾದದ್ದು ಇನ್ನೊಂದಿದೆ. ಕುಸರಿ ಅಂದರೆ ಸರಪಳಿ, ಕಮ ಅಂದರೆ ಕುಡುಗೋಲು, ಎರಡೂ ಸೇರಿದರೆ ಕುಸರಿಗಮ. ಕ ಹೋಗಿ ಗ ಬಂತು. ತಚಿಗೆ ಓ ಸೇರಿದರೆ ಓದಚಿ, ತ ಹೋಗಿ ದ ಬಂತು. ಮಳೆಗಾಲ, ಬೆಟ್ಟದಾವರೆ ನೆನಪಾಯಿತಾ? ಶಾಲೆಯಲ್ಲಿ ಉರುಹೊಡೆದ ಆದೇಶ ಸಂಧಿಯ ಹಾಗೇ ಇದೆ. ಹಾಗಾಗಿ ಕುಸರಿಗಮ ಅಂತ ನೋಡಿ ‘ಗಮ’ ಬೇರೊಂದು ಆಯುಧ ಇರಬೇಕು ಎಂದು ಹುಡುಕುತ್ತ ಹೋಗಬೇಡಿ. ನಾನು ಹೋಗಿದ್ದೆ.

ವಾಕ್ಯದಲ್ಲಿ ಕೂರಿಸುವಾಗ ಕನ್ನಡದ ವ್ಯಾಕರಣವೇ ನಡೆಯಲಿ. ಜಪಾನಿಯಲ್ಲಿ ಬಹುವಚನ ಇಲ್ಲ ಅಂತ “ಮೂರು ಕತನ ಇದ್ದವು” ಎಂದು ಒದ್ದಾಡಬೇಕಿಲ್ಲ, ಕತನಗಳು ಅನ್ನಿ. ‘ಯರಿ ಈಟಿ’ ಎಂದು ಒಂದನ್ನೇ ಎರಡು ಸಲ ಹೇಳಬೇಡಿ. ನಮ್ಮಲ್ಲಿ ಪದ ಇರುವ ಭಾಗಗಳಿಗೆ ನಮ್ಮ ಪದವನ್ನೇ ಇಡಿ. “ಅವನು ಸಯದಿಂದ ಕತನ ಸೆಳೆದು ತ್ಸುಕವನ್ನು ಎರಡೂ ಕೈಯಲ್ಲಿ ಹಿಡಿದ” ಎಂದು ನಾನೇ ಒಮ್ಮೆ ಬರೆದಿದ್ದೆ. “ಒರೆಯಿಂದ ಕತ್ತಿ ಹಿರಿದು ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿದ” ಅಂದರೆ ಏನೂ ಕಳೆದುಹೋಗುವುದಿಲ್ಲ. ಹಮೊನ್‌ನಂಥ ಪದ ಮಾತ್ರ ಉಳಿಸಿಕೊಳ್ಳುತ್ತೇನೆ. ಕತ್ತಿಗೆ ನೀರು ಕುಡಿಸುವಾಗ ಅಂಚಿನುದ್ದಕ್ಕೂ ಮೂಡುವ ಮಂಜಿನಂಥ ಗೆರೆ ಅದು, ಒಂದೇ ಮಾತಿನಲ್ಲಿ ಹೇಳುವ ಕನ್ನಡ ಪದ ನನಗೆ ಸಿಕ್ಕಿಲ್ಲ.

ಆ ಮಂಗೋಲರ ಬರಹವನ್ನು ಆಮೇಲೆ ತಿದ್ದಿದೆ. ಏಳು ಕಡೆ ಕತನ ಅಂತಿತ್ತು. ಯೋಧ ಕುದುರೆ ಹತ್ತುವಾಗ ಪಕ್ಕದಲ್ಲಿ ತೂಗಾಡುವ ಒಂದು ಜಾಗದಲ್ಲಿ ಮಾತ್ರ ತಚಿ ಎಂದು ಬರೆದು ಅದನ್ನು ಹೇಗೆ ಕಟ್ಟುತ್ತಿದ್ದರು ಅಂತ ಒಂದು ಸಾಲು ಸೇರಿಸಿದೆ. ಉಳಿದ ಆರು ಕಡೆ ಕತ್ತಿ.